ಕಂಬಳಿ ಬಯಲಿಗೆ ಬಳಿದ ಬಣ್ಣ

ನಕ್ಷೆಯಲ್ಲಿ ಹಳದಿ ಅಂದರೆ ಮನೆಗಳು, ನೇರಳೆ ಅಂದರೆ ಕಾರ್ಖಾನೆ, ಕೆಂಪು ಸರ್ಕಾರಿ ಕಟ್ಟಡ, ಹಸಿರು ಪಾರ್ಕು, ನೀಲಿ ಅಂಗಡಿ ಮುಂಗಟ್ಟು. ನಗರ ಯೋಜನಾ ಕಚೇರಿಯಲ್ಲಿ ಕೆಲಸ ಮಾಡುವ ನಮಗೆ ಇವು ಬಾಯಿಪಾಠ. ಚಳ್ಳಕೆರೆಯ ಹೊಸ ಮಹಾಯೋಜನೆಯ ಕರಡು ನಕ್ಷೆಯನ್ನು ನಮ್ಮ ಗೋಡೆಗೆ ಅಂಟಿಸಿದ ದಿನ ನಾನೂ ಎಲ್ಲರ ಜೊತೆ ದೂರ ನಿಂತು ನೋಡಿ, ಬಣ್ಣ ಚೆನ್ನಾಗಿ ಮೂಡಿದೆ ಅಂದವಳೇ. ಹಳೆಯ ಎಣ್ಣೆ ಮಿಲ್ಲಿನ ಹಿಂದೆ ಒಂದು ನೀಲಿ ಚೌಕ ಇತ್ತು. ಆಗ ಅದರ ಮೇಲೆ ನನ್ನ ಕಣ್ಣು ನಿಲ್ಲಲಿಲ್ಲ. ಆಮೇಲೆ ಆ ಚೌಕದ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಮನೆಯಲ್ಲೂ ಕಚೇರಿಯಲ್ಲೂ ಹೆಸರಿದೆ, ಒಪ್ಪುತ್ತೇನೆ. ಆದರೆ ಬೇರೆ ಕೋಪಗಳು ಒಂದು ಲೋಟ ಚಹಾ ಕುಡಿದರೆ ಇಳಿಯುತ್ತವೆ. ಇದು ಅಂಥದ್ದಲ್ಲ.

ಕರಡು ಹೊರಬಂದ ಮೇಲೆ ಜನರಿಂದ ಆಕ್ಷೇಪಣೆ ಮತ್ತು ಸಲಹೆ ತೆಗೆದುಕೊಳ್ಳಬೇಕು, ಅದು ಕಾನೂನು. ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತೇವೆ, ಆಟೋಗೆ ಮೈಕು ಕಟ್ಟಿ ಊರಲ್ಲಿ ಸಾರಿಸುತ್ತೇವೆ. ಜನ ಬಂದು ಅರ್ಜಿ ಕೊಟ್ಟರೆ ಅದಕ್ಕೊಂದು ಸಂಖ್ಯೆ ಹಾಕಿ, ಮೊಹರು ಒತ್ತಿ, ಸ್ವೀಕೃತಿ ಚೀಟಿ ಹರಿದು ಕೊಡುವುದು ನನ್ನ ಕೆಲಸ. ಎಲ್ಲ ಅರ್ಜಿಗಳಿಗೂ ನಕ್ಷೆ ತಯಾರಿಸಿದ ಖಾಸಗಿ ಕಂಪನಿ ಒಂದೊಂದು ಸಾಲಿನ ಉತ್ತರ ಬರೆಯುತ್ತದೆ. ನಮ್ಮ ಸಾಹೇಬರು ವಿಚಾರಣೆ ನಡೆಸಿ ಒಪ್ಪುತ್ತಾರೆ ಇಲ್ಲವೇ ತಳ್ಳಿಹಾಕುತ್ತಾರೆ. ಕಾಗದದ ಮೇಲೆ ಬಹಳ ಅಂದವಾದ ಕ್ರಮ.

ಅರ್ಜಿಗಳು ಬಂದವು. ಬೀದಿ ದೀಪ ಇಲ್ಲ, ನಾಯಿ ಕಾಟ, ಚರಂಡಿ ಉಕ್ಕುತ್ತದೆ, ಪಕ್ಕದ ಮನೆಯವನು ಮೆಟ್ಟಿಲನ್ನು ರಸ್ತೆಗೆ ಬಿಟ್ಟಿದ್ದಾನೆ. ಮಹಾಯೋಜನೆಗೂ ಇದಕ್ಕೂ ಸಂಬಂಧ ಇಲ್ಲ ಅಂತ ಹೇಳಿದರೆ, 'ನಿಮ್ಮ ಹತ್ರ ಹೇಳದೆ ಇನ್ಯಾರ ಹತ್ರ ಹೇಳ್ಬೇಕು ಮೇಡಂ' ಅನ್ನುತ್ತಿದ್ದರು. ಅದೂ ಸರಿಯೇ ಅಂತ ಮೊಹರು ಒತ್ತುತ್ತಿದ್ದೆ. ಎಣ್ಣೆ ಮಿಲ್ಲಿನ ಹಿಂದಿನ ಕಂಬಳಿ ನೇಯುವವರ ಓಣಿಯಿಂದ ಮಾತ್ರ ಒಂದೇ ಒಂದು ಅರ್ಜಿ ಬರಲಿಲ್ಲ.

ಸಾಹೇಬರಿಗೆ ಖುಷಿ. "ಆ ಕಡೆ ಯಾರದ್ದೂ ತಕರಾರಿಲ್ಲ, ಅದೊಂದು ನೆಮ್ಮದಿ" ಅಂದರು.

ನನಗೆ ನೆಮ್ಮದಿ ಆಗಲಿಲ್ಲ. ನಾನು ಮೊಳಕಾಲ್ಮೂರಿನವಳು, ದಿನಾ ಬಸ್ಸಿನಲ್ಲಿ ಓಡಾಡಿ ಕೆಲಸ ಮಾಡುತ್ತೇನೆ. ನಮ್ಮೂರು ರೇಷ್ಮೆ ಮಗ್ಗದ ಊರು. ನೇಕಾರರನ್ನು ನೋಡುತ್ತಲೇ ಬೆಳೆದಿದ್ದೇನೆ. ನೂಲಿನ ಒಂದು ಗಂಟಿಗೆ ಮಧ್ಯಾಹ್ನದವರೆಗೂ ವಾದ ಮಾಡುವ ಜನ ಅವರು. ಒಂದು ಓಣಿಯ ನೇಕಾರರು ಯಾವುದರ ಬಗ್ಗೆಯೂ ಏನೂ ಹೇಳುವುದಿಲ್ಲ ಅಂದರೆ ಅವರಿಗೆ ವಿಷಯ ಮುಟ್ಟಿಲ್ಲ ಅಂತಲೇ ಅರ್ಥ. ನಕ್ಷೆಯ ಹತ್ತಿರ ಹೋಗಿ ಆ ನೀಲಿ ಚೌಕ ನೋಡಿದೆ. 'ಹಾಲಿ ಬಳಕೆ: ಖಾಲಿ ಜಾಗ. ಉದ್ದೇಶಿತ ಬಳಕೆ: ವಾಣಿಜ್ಯ ಸಂಕೀರ್ಣ, ವಾಹನ ನಿಲುಗಡೆ' ಅಂತಿತ್ತು. ಅಂಚಿನ ಓಣಿಗೆ 'ಎರಡನೇ ಹಂತದಲ್ಲಿ ಪುನರಭಿವೃದ್ಧಿ' ಅಂತ ಬರೆದಿದ್ದರು. ಪುನರಭಿವೃದ್ಧಿ ಅಂದರೆ ನಮ್ಮ ಭಾಷೆಯಲ್ಲಿ ಮೊದಲು ಕೆಡವುವುದು.

ಊಟದ ಹೊತ್ತಿಗೆ ಅಲ್ಲಿಗೆ ಹೋದೆ. ಬಯಲು ನಿಜಕ್ಕೂ ಖಾಲಿಯಾಗಿತ್ತು. ನಾಲ್ಕಾರು ಗೂಟ, ಒಂದು ಮಲಗಿದ ನಾಯಿ, ಅಷ್ಟೇ. ಓಣಿಯ ಯಜಮಾನರು ವಯಸ್ಸಾದವರು, ರುಮಾಲು ಸುತ್ತಿದ್ದರು. ನನ್ನನ್ನು ಕಂಡ ಕೂಡಲೇ ಒಳಗಿಂದ ಹೊಸ ಕಂಬಳಿ ತಂದು ಜಗಲಿಯ ಮೇಲೆ ಹಾಸಿದರು. ಬೇಡ ಅಂದರೂ ಬಿಡಲಿಲ್ಲ. ಅದರ ಮೇಲೆ ಕೂತು ಕೇಳಿದೆ:

"ಪ್ರಕಟಣೆ ಗೊತ್ತಾಯ್ತಾ ಯಜಮಾನ್ರೆ?"

"ಗೊತ್ತಾತವ್ವ. ಆಟೋದಾಗೆ ಕೂಗ್ಕೊಂಡು ಹೋದ್ರು."

"ಮತ್ತೆ ಯಾರೂ ಆಕ್ಷೇಪಣೆ ಕೊಟ್ಟಿಲ್ಲವಲ್ಲ?"

"ಆಕ್ಷೇಪಣೆ ಅಂದ್ರೆ ತಕರಾರು ಅಲ್ವೇನವ್ವ? ಸರ್ಕಾರದೋರು ಏನೋ ಒಳ್ಳೇದು ಮಾಡ್ತೀವಿ ಅಂತ ಹೊಂಟವ್ರೆ. ಮೊದ್ಲೇ ನಾವು ತಕರಾರು ತೆಗದ್ರೆ ಚೆನ್ನಾಗಿರ್ತೈತಾ?"

ಈ ಬಯಲಿನಲ್ಲಿ ಅಂಗಡಿಗಳು ಏಳುತ್ತವೆ ಅಂತ ಹೇಳಿದೆ. ಅವರು ನಕ್ಕರು. "ಇಲ್ಲ ಬಿಡವ್ವ, ಈ ಬಯಲಲ್ಲ. ಇಲ್ಲಿ ನಾವು ಹಾಸು ಹಾಕ್ತೀವಿ" ಅಂದರು. ನಿಮ್ಮ ಅಡುಗೆಮನೆಯಲ್ಲಿ ಯಾರಾದರೂ ಬಸ್ ಸ್ಟ್ಯಾಂಡ್ ಕಟ್ಟುತ್ತಾರೆ ಅಂತ ಹೇಳಿದರೆ ನೀವು ಹೇಗೆ ನಗುತ್ತೀರೋ ಹಾಗೆ ನಕ್ಕರು.

ಬಾಗಿಲಲ್ಲಿ ನಿಂತಿದ್ದ ಅವರ ತಮ್ಮನ ಹೆಂಡತಿ ನಗಲಿಲ್ಲ. ಐವತ್ತರ ಆಸುಪಾಸಿನ ಹೆಂಗಸು, ಮೊಣಕೈವರೆಗೂ ಗಂಜಿ ಒಣಗಿ ಪರೆ ಎದ್ದಿತ್ತು. "ಯಾವ ಬಯಲು ಅಂತ ಸರಿಯಾಗಿ ಹೇಳ್ರಿ ಮೇಡಂ" ಅಂದಳು. ಹೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಜಗಲಿಯ ತುದಿಗೆ ಬಂದು ಕೂತಳು.

ಅವಳೇ ನನಗೆ ವಿವರಿಸಿದ್ದು. ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು. ಉಣ್ಣೆಯ ಎಳೆ ರೇಷ್ಮೆಯಷ್ಟು ಗಟ್ಟಿಯಲ್ಲ, ಹಾಗೇ ಮಗ್ಗಕ್ಕೆ ಹಾಕಿದರೆ ಪುಟಪುಟನೆ ಹರಿಯುತ್ತದೆ. ಅದಕ್ಕೇ ಹುಣಸೆ ಬೀಜ ಕುಟ್ಟಿ, ಬೇಯಿಸಿ, ಗಂಜಿ ಮಾಡಿ, ಬಯಲಿನಲ್ಲಿ ಗೂಟದಿಂದ ಗೂಟಕ್ಕೆ ಹಾಸನ್ನು ಎಳೆದು ಕಟ್ಟಿ, ದೊಡ್ಡ ಕುಂಚದಿಂದ ಉದ್ದಕ್ಕೂ ಹಚ್ಚುತ್ತಾರೆ. ಇದೆಲ್ಲ ಬೆಳಕು ಹರಿದ ಕೂಡಲೇ ಆಗಬೇಕು. ಚಳ್ಳಕೆರೆಯ ಗಾಳಿ ಗೊತ್ತಲ್ಲ, ಬಿಸಿಲೇರಿದರೆ ಅದೂ ಏಳುತ್ತದೆ. ಗಾಳಿ ಎದ್ದರೆ ಹಸಿ ಗಂಜಿಗೆ ಧೂಳು ಕೂರುತ್ತದೆ, ಎಳೆಗೆ ಎಳೆ ಅಂಟಿ ಗಂಟಾಗುತ್ತದೆ. ಆ ಹಾಸು ಮತ್ತೆ ಮಗ್ಗಕ್ಕೆ ಬರುವುದಿಲ್ಲ. ಹಾಗಾಗಿ ನಮ್ಮಂಥವರು ಬಸ್ಸಿಳಿದು ಕಚೇರಿಗೆ ಬರುವ ಹೊತ್ತಿಗೆ ಅವರು ಎಲ್ಲವನ್ನೂ ಸುತ್ತಿಕೊಂಡು ಒಳಗೆ ಮಗ್ಗಕ್ಕೆ ಇಳಿದಿರುತ್ತಾರೆ. ರೇಷ್ಮೆಯ ಮನೆ ನೋಡಿದ ನಾನು, ನೇಯ್ಗೆ ಅಂದರೆ ಒಳಗಿನ ಕೆಲಸ ಅಂದುಕೊಂಡಿದ್ದೆ.

"ಸರಿ, ಅಳತೆಗೆ ಬಂದವರು ಬೆಳಗ್ಗೆಯೇ ಬಂದಿದ್ದರಲ್ಲ? ಅವರಿಗೆ ಕಾಣಲಿಲ್ಲವಾ?" ಅಂದೆ. ಕಂಪನಿಯವರ ದಾಖಲೆಯಲ್ಲಿ ಬೆಳಗಿನ ಹೊತ್ತಿನ ಡ್ರೋನ್ ಚಿತ್ರಗಳೇ ಇದ್ದವು. ಬಯಲು ಕನ್ನಡಿಯ ಹಾಗಿತ್ತು.

ಯಜಮಾನರು ಹೆಮ್ಮೆಯಿಂದ ಹೇಳಿದರು: "ಸಾಹೇಬ್ರು ಬರ್ತಾರೆ ಅಂತ ಗೊತ್ತಾತು. ಹಿಂದಿನ ದಿನ್ವೇ ಗೂಟ ಎಲ್ಲಾ ಕಿತ್ತು, ಗುಡಿಸಿ, ನೀರು ಹಾಕಿ ಕ್ಲೀನ್ ಮಾಡಿದ್ವಿ. ಅವತ್ತು ಯಾರೂ ಹಾಸು ಹಾಕ್ಲಿಲ್ಲ. ದೊಡ್ಡೋರು ಬರೋ ಹೊತ್ನಾಗೆ ಗಂಜಿ ನಾತ ಇಟ್ಕೊಂಡು ಕೂರಕಾಗ್ತೈತೇನವ್ವ?"

ಅಳೆಯುವವರು ಬರುತ್ತಾರೆ ಅಂತ, ಅಳೆಯಬೇಕಾದದ್ದನ್ನೇ ಎತ್ತಿಟ್ಟು, ಜಾಗ ಚೊಕ್ಕಟ ಮಾಡಿ, ಒಂದು ದಿನದ ಕೂಲಿ ಕಳೆದುಕೊಂಡು ಕೈಮುಗಿದು ನಿಂತಿದ್ದರು ಇವರು. ಅವರು ಮೇಲಿಂದ ಫೋಟೊ ತೆಗೆದು 'ಖಾಲಿ' ಅಂತ ಬರೆದುಕೊಂಡು ಹೋದರು. ಕೆಳಗಿಳಿದು, ಈ ಗೂಟದ ಗುಣಿ ಯಾಕಿದೆ ಅಂತ ಒಬ್ಬರನ್ನಾದರೂ ಕೇಳಲಿಲ್ಲ. ನನಗೆ ಯಜಮಾನರ ಮೇಲೂ ಕೋಪ ಬಂತು. ಮರ್ಯಾದೆ ಅಂದರೆ ತಮ್ಮ ಕೆಲಸವನ್ನು ಬಚ್ಚಿಡುವುದು ಅಂತ ಇವರಿಗೆ ಕಲಿಸಿದ್ದು ಯಾರು? ಕಲಿಸಿದ್ದು ನನ್ನ ಹಾಗೆ ಕುರ್ಚಿಯಲ್ಲಿ ಕೂತವರೇ ಇರಬೇಕು.

ಗಡುವು ಇನ್ನೂ ಇತ್ತು. ಓಣಿಯವರನ್ನೆಲ್ಲ ಕೂರಿಸಿ ಅರ್ಜಿ ಬರೆಸಿದೆ. ತಕರಾರು ಅನ್ನುವ ಪದಕ್ಕೆ ಯಜಮಾನರು ಕೊನೆಯವರೆಗೂ ಒಪ್ಪಲಿಲ್ಲ. ಹಾಗಾಗಿ 'ವಿನಂತಿ' ಅಂತ ಹಾಕಿದೆವು. ಮನೆಗೊಂದರಂತೆ ಅರ್ಜಿ ತಂದು ಕೊಟ್ಟರು. ಒಂದೊಂದಕ್ಕೂ ಬೇರೆ ಬೇರೆ ಸಂಖ್ಯೆ ಹಾಕಿ ಸ್ವೀಕೃತಿ ಕೊಟ್ಟೆ. ಸ್ವೀಕೃತಿ ಚೀಟಿಯನ್ನು ಅವರು ಮಡಚಿ ದೇವರ ಪಟದ ಹಿಂದೆ ಸಿಗಿಸಿಟ್ಟರಂತೆ.

ಕಂಪನಿಯ ಎಂಜಿನಿಯರು ಅವೆಲ್ಲವನ್ನೂ ಒಂದೇ ಅರ್ಜಿ ಅಂತ ಎಣಿಸಿದ. ಒಳ್ಳೆಯ ಅಂಗಿ ತೊಟ್ಟ, ದನಿ ಏರಿಸದೆ ಮಾತನಾಡುವ ಮನುಷ್ಯ. ದನಿ ಏರಿಸದವರ ಜೊತೆ ಜಗಳವಾಡುವುದು ನನಗೆ ಯಾವತ್ತೂ ಕಷ್ಟ.

"ಎಲ್ಲದರ ಒಕ್ಕಣೆ ಒಂದೇ ಇದೆ ಮೇಡಂ. ಯಾರೋ ಒಬ್ಬರೇ ಬರೆದುಕೊಟ್ಟ ಹಾಗಿದೆ" ಅಂದ.

"ನಾನೇ ಬರೆದುಕೊಟ್ಟಿದ್ದು. ಅವರ ಕಷ್ಟ ಒಂದೇ ಆದರೆ ಒಕ್ಕಣೆ ನಾಲ್ಕು ತರ ಎಲ್ಲಿಂದ ತರೋದು?"

"ಸ್ಥಳದಲ್ಲಿ ಅಂಥದ್ದೇನೂ ಕಂಡುಬಂದಿಲ್ಲವಲ್ಲ. ಚಿತ್ರ ಇದೆ, ನೋಡಿ."

ಅವನು ಬರೆದ ಉತ್ತರ ಇದು: 'ಸ್ಥಳ ಪರಿಶೀಲನೆ ಮಾಡಲಾಗಿ ಸದರಿ ಜಾಗವು ಖಾಲಿ ಇರುವುದು ಕಂಡುಬಂದಿರುತ್ತದೆ. ಆದ್ದರಿಂದ ತಿರಸ್ಕರಿಸಬಹುದು.' ಇಷ್ಟು ಬೇಗ ಇಷ್ಟು ಜನರ ಅನ್ನ ತೆಗೆಯುವ ವಾಕ್ಯ ನಮ್ಮ ಕಚೇರಿಗಳಲ್ಲಿ ಮಾತ್ರ ಬರೆಯುತ್ತಾರೆ. ನಾನು ಸಾಹೇಬರ ಕೋಣೆಗೆ ಹೋಗಿ, ಮರು ಪರಿಶೀಲನೆ ಆಗದೆ ಈ ಸಾಲಿನ ಕೆಳಗೆ ನನ್ನ ಸಹಿ ಬೀಳುವುದಿಲ್ಲ ಅಂದೆ. ಸಾಹೇಬರು ಕೆಟ್ಟವರಲ್ಲ. ಬೇಗ ಮುಗಿಯಲಿ ಅನ್ನುವವರು. ನಿಟ್ಟುಸಿರು ಬಿಟ್ಟು, ಆಯ್ತು, ಒಂದು ದಿನ ಗೊತ್ತುಮಾಡಿ ನೋಟೀಸ್ ಕಳಿಸಿ ಅಂದರು.

ನೋಟೀಸ್ ಹೋಯಿತು. 'ಬೆಳಿಗ್ಗೆ' ಅಂತ ನಾನೇ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೆ. ಓಣಿಗೂ ಫೋನ್ ಮಾಡಿ, ದಿನಾ ಹೇಗೆ ಕೆಲಸ ಮಾಡ್ತೀರೋ ಹಾಗೇ ಮಾಡ್ತಿರಿ, ಏನೂ ತೆಗೀಬೇಡಿ ಅಂತ ಹೇಳಿದೆ. "ಆತವ್ವ, ಎಲ್ಲಾ ವ್ಯವಸ್ಥೆ ಮಾಡ್ತೀವಿ" ಅಂದರು ಯಜಮಾನರು. ವ್ಯವಸ್ಥೆ ಅನ್ನುವ ಮಾತು ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಅವತ್ತು ಊರಿಂದ ಮೊದಲ ಬಸ್ಸು ಹಿಡಿದು ಬಂದೆ. ಬಯಲಿಗೆ ಕಾಲಿಟ್ಟರೆ ಶಾಮಿಯಾನ. ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು, ಮೇಜಿನ ಮೇಲೆ ನೀರಿನ ಬಾಟಲಿ, ಒಂದು ತಟ್ಟೆಯಲ್ಲಿ ಹಾರ. ಬಯಲು ಪೂರ್ತಿ ಗುಡಿಸಿ ಸಾರಿಸಿ ದೊಡ್ಡ ರಂಗೋಲಿ ಬಿಟ್ಟಿದ್ದರು. ಗೂಟ ಒಂದೂ ಇಲ್ಲ. ಒಂದು ಬದಿಗೆ, ಶಾಮಿಯಾನದ ಬಟ್ಟೆಗೆ ಪಿನ್ನು ಹಾಕಿ, ಮಡಿಕೆ ಬಿಚ್ಚದ ಎರಡು ಹೊಸ ಕಂಬಳಿಗಳನ್ನು ನೇತುಹಾಕಿದ್ದರು, ತೋರಿಸಲಿಕ್ಕೆ ಅಂತ.

ಎಂಜಿನಿಯರು ಡ್ರೋನ್ ಹಾರಿಸಿದ. ಸಾಹೇಬರು ಹಾರ ಹಾಕಿಸಿಕೊಂಡು, ನೀರು ಕುಡಿದು, "ಬಹಳ ಚೆನ್ನಾಗಿ ಇಟ್ಕೊಂಡಿದೀರ ಜಾಗಾನ" ಅಂತ ಹೊಗಳಿದರು. ನಾನು ಅವರಿಗೆ, ಇಲ್ಲಿ ದಿನಾ ಹಾಸು ಹಾಕುತ್ತಾರೆ ಸರ್ ಅಂದೆ. ಎಲ್ಲಿ ಅಂತ ಕೇಳಿದರು. ರಂಗೋಲಿಯ ಕಡೆ ಕೈ ತೋರಿಸಿದೆ. ಎಂಜಿನಿಯರು ತಲೆ ಬಗ್ಗಿಸಿ ನಕ್ಕ.

ಕಾರುಗಳು ಹೋದ ಮೇಲೆ ನಾನು ಕೂಗಾಡಿಬಿಟ್ಟೆ. "ಏನೂ ತೆಗೀಬೇಡಿ ಅಂತ ಹೇಳಿದ್ದೆನೋ ಇಲ್ಲವೋ ಯಜಮಾನ್ರೆ? ಯಾರು ನಿಮಗೆ ಗುಡಿಸೋಕೆ ಹೇಳಿದ್ದು? ಯಾರಿಗೆ ಬೇಕಿತ್ತು ಈ ರಂಗೋಲಿ? ನಿಮ್ಮ ಕೈಯಾರೆ ನಿಮ್ಮ ಬಯಲನ್ನು ಅಂಗಡಿಯವರಿಗೆ ಗುಡಿಸಿ ಕೊಟ್ಟಿರಿ."

ಯಜಮಾನರು ತಲೆ ತಗ್ಗಿಸಿ ನಿಂತರು. ಅವರ ಬದಲು ಮಾತಾಡಿದವಳು ಗಂಜಿಯ ಹೆಂಗಸು, ನನಗಿಂತ ಹೆಚ್ಚು ಸಿಟ್ಟಿನಲ್ಲಿ.

"ನೀವು ಬೈಯಾದು ಸಾಕು ಬಿಡ್ರಿ. ನಮ್ಮ ಭಾವನೋರಿಗೆ ಯಾರೂ ಇಂಗೆ ಅಂದಿಲ್ಲ. ಗಂಜಿ ನಾತಕ್ಕೆ ಮೂಗು ಮುಚ್ಕೊಂಡು ಹೋಗೋರ್ನ ನಾವು ದಿನಾ ನೋಡ್ತೀವಿ. ಸಂತ್ಯಾಗೆ ಕಂಬಳಿ ಕೊಳ್ಳೋರು ಕೂಡಾ 'ವಾಸ್ನೆ ಐತೆ' ಅಂತ ರೇಟ್ ಇಳಿಸ್ತಾರೆ. ನಿಮ್ಮ ಮನೀಗೆ ಯಾರಾರ ದೊಡ್ಡೋರು ಬಂದ್ರೆ ನೀವು ಎಂಜಲು ಬಟ್ಲು ಎದುರಿಗೆ ಇಡ್ತೀರಾ?"

ಎಂಜಲು ಬಟ್ಟಲು ಅಂದಳು, ತಾನು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸಕ್ಕೆ. ಶಾಮಿಯಾನದವನು ಕುರ್ಚಿ ಜೋಡಿಸಿಕೊಂಡು ಹೋದ. ನಾನು ಅಲ್ಲಿಂದ ಕಚೇರಿಗೆ ನಡೆದೇ ಹೋದೆ. ದಾರಿಯುದ್ದಕ್ಕೂ ಯಾರ ಮೇಲೆ ಸಿಟ್ಟಾಗಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ.

ಆದರೆ ಒಂದು ಮಾತು ನಡೆಯುತ್ತಾ ನಡೆಯುತ್ತಾ ಖಚಿತವಾಯಿತು. ಬರುತ್ತೇವೆ ಅಂತ ಹೇಳಿ ಹೋದರೆ ಆ ಬಯಲು ಯಾವತ್ತೂ ಕಾಣುವುದಿಲ್ಲ. ನೂರು ಸಲ ನೋಟೀಸ್ ಕೊಟ್ಟರೂ ಅವರು ನೂರು ಸಲ ಗುಡಿಸುತ್ತಾರೆ. ಹೇಳದೆ ಹೋಗಬೇಕು. ಓಣಿಗೂ ಹೇಳಬಾರದು, ಸಾಹೇಬರಿಗೂ ಹೇಳಬಾರದು. ಸ್ಥಳ ಪರಿಶೀಲನೆಗೆ ಮುಂಚೆ ನೋಟೀಸ್ ಕೊಡುವುದು ನಮ್ಮ ಕಚೇರಿಯ ರೂಢಿ. ಇಷ್ಟು ವರ್ಷದಲ್ಲಿ ನಾನು ಒಂದು ರೂಢಿಯನ್ನೂ ಮುರಿದವಳಲ್ಲ. ಅವತ್ತು ಮುರಿಯುವುದು ಅಂತ ತೀರ್ಮಾನಿಸಿದೆ.

ಅವಕಾಶ ಬೇಗ ಸಿಕ್ಕಿತು. ರಾಂಪುರದಲ್ಲಿ ಒಂದು ಹೊಸ ಬಡಾವಣೆ ನೋಡಲು ಸಾಹೇಬರು ಹೋಗಬೇಕಿತ್ತು. ಅವರು ಇರುವುದು ಚಿತ್ರದುರ್ಗದಲ್ಲಿ, ದಾರಿ ಚಳ್ಳಕೆರೆಯ ಮೇಲೇ. ಬಿಸಿಲೇರುವ ಮೊದಲೇ ಮುಗಿಸಿಬಿಡೋಣ ಸರ್, ನಾನು ಚಳ್ಳಕೆರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದಿರುತ್ತೇನೆ, ಹೋಗುವಾಗ ಹತ್ತಿಸಿಕೊಳ್ಳಿ ಅಂದೆ. ಎಲ್ಲಿ ಅಂದರು. ಎಣ್ಣೆ ಮಿಲ್ಲಿನ ಹಿಂದೆ ಅಂದೆ. ಚಿಕ್ಕಮ್ಮನ ಮನೆ ನಿಜವಾಗಿ ಇರುವುದು ಊರಿನ ಇನ್ನೊಂದು ತುದಿಗೆ.

ಕಾರಿನ ಡ್ರೈವರ್ ರಾಂಪುರದವರು, ಮಾತಿನ ಮಧ್ಯೆ ತೆಲುಗು ಸೇರಿಸುವ ಮನುಷ್ಯ. ಅವರಿಗೊಬ್ಬರಿಗೆ ವಿಷಯ ಹೇಳಿದ್ದೆ. "ಬಯಲಿನ ಒಳಗೇ ತಂದು ನಿಲ್ಲಿಸಿ, ಸಾಹೇಬರು ಬೈದರೆ ದಾರಿ ತಪ್ಪಿತು ಅಂತ ಹೇಳಿ" ಅಂದೆ. "ಪೋನ್ಲೆಂಡಿ ಮೇಡಂ, ಹೋಗ್ಲಿ ಬಿಡಿ, ಬೈಸ್ಕೊಂಡು ನಮಗೆ ಅಭ್ಯಾಸ ಐತೆ" ಅಂದರು.

ಆ ಬೆಳಿಗ್ಗೆ ನಾನು ಬಯಲಿನ ಅಂಚಿಗೆ ಬಂದು ನಿಂತಾಗ ಸೂರ್ಯ ಆಗಷ್ಟೇ ಮಿಲ್ಲಿನ ಗೋಡೆ ದಾಟಿದ್ದ. ಮೊದಲ ಸಲ ನಾನು ಆ ಬಯಲನ್ನು ನೋಡಿದೆ. ಈ ತುದಿಯಿಂದ ಆ ತುದಿಗೆ ಕಪ್ಪು ಹಾಸುಗಳು ಬಿಗಿದು ನಿಂತಿದ್ದವು, ಒಂದರ ಪಕ್ಕ ಒಂದು, ಮಧ್ಯೆ ಒಬ್ಬರು ನಡೆಯುವಷ್ಟು ಜಾಗ. ಓಣಿಗೆ ಓಣಿಯೇ ಅಲ್ಲಿತ್ತು. ಗಂಡಸರು ಗೂಟ ಬಿಗಿಯುತ್ತಿದ್ದರು, ಹೆಂಗಸರು ಕುಂಚ ಹಿಡಿದು ಒಂದೇ ಸಮನೆ ಮುಂದಕ್ಕೂ ಹಿಂದಕ್ಕೂ ನಡೆಯುತ್ತಿದ್ದರು. ಹುಳಿ ವಾಸನೆ ಮೂಗಿಗೆ ರಪ್ಪನೆ ಬಡಿಯಿತು. ಹೌದು, ವಾಸನೆ ಇದೆ. ಇದನ್ನೇ ಅವರು ನಮ್ಮಿಂದ ಎರಡು ಸಲ ಮುಚ್ಚಿಟ್ಟಿದ್ದು.

ಕಾರು ಬಂತು. ಮೊದಲು ನೋಡಿದವಳು ಅದೇ ಹೆಂಗಸು. ಒಳಗೆ ಯಾರಿದ್ದಾರೆ ಅಂತ ಅವಳಿಗೆ ಗೊತ್ತಿಲ್ಲ. ಕುಂಚ ಎತ್ತಿ ಕೂಗಿದಳು:

"ಗಾಡಿ ಅಲ್ಲೇ ನಿಲ್ಸ್ರಿ. ಧೂಳೆದ್ರೆ ಹಾಸು ಕೆಡ್ತೈತೆ."

ಕಾರು ನಿಂತಿತು. ಸಾಹೇಬರು ಗಾಜು ಇಳಿಸಿ, ಬಾಗಿಲು ತೆಗೆದು, ಕೆಳಗಿಳಿದರು. ನನ್ನನ್ನು ನೋಡಿದರು, ಹಾಸುಗಳನ್ನು ನೋಡಿದರು.

"ಏನಮ್ಮಾ ಇದು?"

"ಖಾಲಿ ಜಾಗ ಸರ್" ಅಂದೆ.

ಅಷ್ಟರಲ್ಲಿ ಯಜಮಾನರಿಗೆ ಸಾಹೇಬರ ಗುರುತು ಸಿಕ್ಕಿತು. ಅವರ ಮುಖದ ಬಣ್ಣ ಹೋಯಿತು. "ಸಾಹೇಬ್ರು ಬಂದವ್ರೆ, ತೆಗೀರ್ಲೇ, ದಾರಿ ಬಿಡ್ರಲೇ" ಅಂತ ಹೇಳುತ್ತಾ ತಾವೇ ಓಡಿ ಒಂದು ಗೂಟಕ್ಕೆ ಕೈ ಹಾಕಿದರು. ನಾನು ಬಯಲಿಗೆಲ್ಲ ಕೇಳುವ ಹಾಗೆ ಅರಚಿದೆ: "ಗೂಟ ಮುಟ್ಟಬೇಡಿ ಯಜಮಾನ್ರೆ." ಅವರು ಬಗ್ಗಿದವರು ಹಾಗೇ ನಿಂತರು. ಗೂಟ ಉಳಿಯಿತು.

ಸಾಹೇಬರು ಹಾಸಿನ ಪಕ್ಕ ನಿಧಾನ ನಡೆದು ಹೋದರು. ಗಂಜಿಯ ಹೆಂಗಸು ಕೈ ನಿಲ್ಲಿಸಲಿಲ್ಲ, ನಿಲ್ಲಿಸಲು ಆಗುತ್ತಲೂ ಇರಲಿಲ್ಲ.

"ಇದನ್ನ ನಿಮ್ಮ ಮನೆ ಮುಂದೆ ಹಾಕಿಕೊಳ್ಳಬಾರದಾ?" ಅಂತ ಕೇಳಿದರು.

"ಮನೆ ಮುಂದೆ ಎಷ್ಟು ಜಾಗ ಐತೆ ನೀವೇ ನೋಡ್ರಿ ಸ್ವಾಮಿ. ಹಾಸು ಮಡಚಿ ಗಂಜಿ ಹಚ್ಚಾಕಾಗ್ತೈತಾ?"

"ಸ್ವಲ್ಪ ತಡವಾಗಿ ಮಾಡಿದರೆ?"

"ಗಾಳಿಗೆ ನೋಟೀಸ್ ಕೊಟ್ಟು ನಿಲ್ಸ್ತೀರೇನು?"

ಡ್ರೈವರ್ ಮುಖ ತಿರುಗಿಸಿ ನಕ್ಕರು. ಸಾಹೇಬರೂ ಸ್ವಲ್ಪ ನಕ್ಕರು ಅನ್ನಿಸಿತು. ಅವರು ಬಿಸಿಲಿನಲ್ಲಿ ನಿಂತೇ ಇದ್ದರು, ಹಾಸು ಒಣಗಿ ಅದನ್ನು ಸುತ್ತುವವರೆಗೂ. ರಾಂಪುರದ ಕೆಲಸಕ್ಕೆ ತಡವಾಯಿತು. ಕಾರು ಬಿ.ಜಿ. ಕೆರೆ ದಾಟಿತು. ಆಮೇಲೆ, "ನಿಮ್ಮ ಚಿಕ್ಕಮ್ಮನ ಮನೆ ಎಲ್ಲಿದೆ?" ಅಂತ ಕೇಳಿದರು. ಹೇಳಿದೆ. "ಇನ್ನೊಂದು ಸಲ ಹೀಗೆ ಮಾಡಿದರೆ ಮೆಮೊ ಕೊಡ್ತೀನಿ" ಅಂದರು. ಕೊಡಿ ಸರ್ ಅಂದೆ.

ವಿಚಾರಣೆಯ ದಿನ ಎಂಜಿನಿಯರು ಎರಡು ಸಲದ ಚಿತ್ರಗಳನ್ನೂ ಪರದೆಯ ಮೇಲೆ ತೋರಿಸಿದ. ಸಾಹೇಬರು ನಡುವೆ ತಡೆದು, "ನಾನೇ ಕಣ್ಣಾರೆ ನೋಡಿದ್ದೀನಿ, ನೀಲಿ ತೆಗೀರಿ" ಅಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಯಜಮಾನರು ಎದ್ದು ನಿಂತು ಕೈಮುಗಿದರು. ಅವತ್ತು ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು ನನಗೆ, ತಲೆ ಒರಗಿಸಿ ನಿದ್ದೆ ಮಾಡಿದೆ.

ತಿದ್ದಿದ ನಕ್ಷೆ ಬಂತು. ನೀಲಿ ಇರಲಿಲ್ಲ, ಓಣಿಯ ಪುನರಭಿವೃದ್ಧಿಯ ಸಾಲೂ ಇರಲಿಲ್ಲ. ಆ ಜಾಗದಲ್ಲಿ ಹಸಿರು ಇತ್ತು. 'ಉದ್ಯಾನವನ. ಸುತ್ತುಗೋಡೆ, ಗೇಟು, ನಡಿಗೆ ಪಥ, ಹುಲ್ಲುಹಾಸು.'

ನಕ್ಷೆ ಹಿಡಿದುಕೊಂಡು ನೇರ ಒಳಗೆ ಹೋದೆ. "ಸರ್, ಹುಲ್ಲುಹಾಸಿನಲ್ಲಿ ಗೂಟ ಹೊಡೆಯೋಕೆ ಬಿಡ್ತಾರಾ?"

"ಮತ್ತೆ ಯಾವ ಬಣ್ಣ ಕೊಡಲಿ ನೀವೇ ಹೇಳಿ" ಅಂದರು ಸಾಹೇಬರು. "ಹಳದಿ ಕೊಟ್ಟರೆ ನಾಳೆ ಸೈಟ್ ಮಾಡಿ ಹರಾಜು ಹಾಕ್ತಾರೆ. ನೇರಳೆ ಕೊಟ್ಟರೆ ಮನೆಗಳ ಮಧ್ಯೆ ಕಾರ್ಖಾನೆ ಅಂತ ಇನ್ನೊಬ್ಬ ಬರ್ತಾನೆ. ಕೆಂಪು ಕೊಟ್ಟರೆ ಯಾವುದೋ ಇಲಾಖೆ ಬಂದು ಕಟ್ಟಡ ಕಟ್ಟುತ್ತೆ. ಹಸಿರು ಒಂದನ್ನೇ ಯಾರೂ ಮುಟ್ಟೋದಿಲ್ಲ. ಅವರ ಒಳ್ಳೇದಕ್ಕೇ ಮಾಡಿದ್ದು. ಕಂಬಳಿಗೆ ಅಂತ ಒಂದು ಬಣ್ಣ ನಮ್ಮ ಪಟ್ಟಿಯಲ್ಲಿ ಇಲ್ಲಮ್ಮ."

ಇಲ್ಲ ಅನ್ನುವುದು ನಿಜ. ನನಗೂ ಗೊತ್ತು. ಊರಿಗೇ ಬಣ್ಣ ಬಳಿಯಲು ಕೂತವರ ಪಟ್ಟಿಯಲ್ಲಿ ಊರಿನ ಜನ ಮಾಡುವ ಕೆಲಸಕ್ಕೆ ಒಂದು ಬಣ್ಣ ಇಲ್ಲ. ಹೊಸ ಬಣ್ಣ ಬೇಡ, ಒಂದು ಷರಾ ಬರೆಯಿರಿ, ಬೆಳಗಿನ ಹೊತ್ತು ಈ ಜಾಗ ಹಾಸು ಹಾಕುವುದಕ್ಕೆ ಮೀಸಲು ಅಂತ, ಅಂದೆ. ಷರಾ ಬರೆಯಲು ನಕ್ಷೆಯಲ್ಲಿ ಜಾಗ ಇಲ್ಲ ಅಂದರು. ಊರನ್ನೇ ಹಿಡಿಸಿದ ಕಾಗದದಲ್ಲಿ ಒಂದು ಸಾಲಿಗೆ ಜಾಗ ಇಲ್ಲವಂತೆ. ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಹೊರಗೆ ಬಂದೆ.

ಬಣ್ಣ ಬದಲಾದರೆ ಮತ್ತೆ ಪ್ರಕಟಣೆ ಕೊಟ್ಟು ಮತ್ತೆ ಆಕ್ಷೇಪಣೆ ಕೇಳಬೇಕು. ಅದಷ್ಟೇ ನನಗೆ ಉಳಿದಿದ್ದ ದಾರಿ. ಓಣಿಗೆ ಹೋದರೆ ಅಲ್ಲಿ ಹಬ್ಬ. ಸುದ್ದಿ ಆಗಲೇ ತಲುಪಿತ್ತು. ಒಬ್ಬರು ಮಂಡಕ್ಕಿ, ಬೆಲ್ಲ ತಂದು ನನ್ನ ಕೈಗೆ ಸುರಿದರು. "ನಮ್ಮ ಬಯಲಿಗೆ ಪಾರ್ಕ್ ಕೊಟ್ಟವ್ರಂತೆ" ಅಂದರು ಯಜಮಾನರು. "ಸಾಹೇಬ್ರು ದೊಡ್ಡ ಮನಸ್ಸಿನೋರು. ಪಾಪ, ಅವತ್ತು ಬಿಸ್ಲಾಗೆ ನಿಂತಿದ್ರು."

ಮಂಡಕ್ಕಿ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದೆ. ಗೋಡೆ ಬರುತ್ತೆ, ಗೇಟು ಬರುತ್ತೆ, ಹುಲ್ಲು ಹಾಕುತ್ತಾರೆ ಅಂದೆ. ಗಂಜಿಯ ಹೆಂಗಸು ಮುಂದೆ ಬಂದಳು.

"ಗೇಟಿನ ಕೀಲಿ ಯಾರ ತಾವ ಇರ್ತೈತೆ?"

"ಕಚೇರಿಯಲ್ಲಿ."

"ಕಚೇರಿ ಎಷ್ಟೊತ್ತಿಗೆ ತೆಗೀತಾರೆ?"

"ಹತ್ತಕ್ಕೆ."

ಅವಳು ಬಯಲಿನ ಕಡೆ ಕೈ ತೋರಿಸಿದಳು. ನನಗೆ ಅವಳ ಕಣ್ಣು ತಪ್ಪಿಸುವ ಹಾಗಾಯಿತು. ಆಗ ಬಯಲಿನ ಮೇಲೆ ಗಾಳಿ ಬೀಸುತ್ತಿತ್ತು, ಎಲ್ಲರ ಕಣ್ಣಿಗೂ ಧೂಳು.

"ಈಗ ಇದಕ್ಕೂ ತಕರಾರು ಅಂದ್ರೆ ಸಾಹೇಬ್ರು ಬೇಜಾರು ಮಾಡ್ಕೊಳ್ಳಲ್ವೇನವ್ವ? ಕೊಟ್ಟಿದ್ದನ್ನ ಬ್ಯಾಡ ಅಂದಂಗಾಗ್ತೈತೆ" ಅಂದರು ಯಜಮಾನರು, ಮೆಲ್ಲಗೆ.

"ಭಾವ, ನೀವು ಸುಮ್ಕಿರ್ರಿ" ಅಂದಳು ಅವಳು. ಆ ಓಣಿಯಲ್ಲಿ ಅವರಿಗೆ ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. "ಬರ್ಕೊಳ್ರಿ ಮೇಡಂ. ನನ್ನ ಹೆಸರ್ನಾಗೇ ಬರ್ಕೊಳ್ರಿ. ವಿನಂತಿ ಅಂತ ಬರೀಬ್ಯಾಡ್ರಿ, ತಕರಾರು ಅಂತ್ಲೇ ಬರೀರಿ. ಪಾರ್ಕ್ ಏನಾರ ಮಾಡ್ಕಳ್ಳಿ, ಗೇಟು ಬ್ಯಾಡ."

ಬರೆದೆ. ಅವಳು ಓದಿಸಿ ಕೇಳಿ, ಸಹಿ ಹಾಕಿದಳು. ಮಾರನೆ ದಿನ ಸಂಖ್ಯೆ ಹಾಕಿ, ಮೊಹರು ಒತ್ತಿ, ಕಡತವನ್ನು ನಾನೇ ಸಾಹೇಬರ ಮೇಜಿಗೆ ಇಟ್ಟೆ. ಅವರು ಓದಿ ಕನ್ನಡಕ ತೆಗೆದರು.

"ಗೇಟಿಲ್ಲದ ಪಾರ್ಕು ಯಾವ ಊರಲ್ಲಿದೆ, ತೋರಿಸಿ."

"ಚಳ್ಳಕೆರೆಯಲ್ಲಿ ಮಾಡಿ ಸರ್, ಬೇರೆಯವರು ಬಂದು ನೋಡಲಿ" ಅಂದೆ.

ಅವರು ಒಪ್ಪಿಗೆಯನ್ನೂ ಬರೆಯಲಿಲ್ಲ, ತಿರಸ್ಕರಿಸಲೂ ಇಲ್ಲ. ಕಡತ ಅವರ ಮೇಜಿನ ಮೇಲೆ ಇದೆ, ಅದರ ಮೇಲೆ ಬೇರೆ ಕಡತಗಳು ಬಂದು ಕೂತಿವೆ. ಹಗಲಿನಲ್ಲಿ ಗುತ್ತಿಗೆದಾರರು ಬಯಲಿಗೆ ಬಂದು ಸುತ್ತುಗೋಡೆಗೆ ಟೇಪು ಹಿಡಿದು ಹೋಗುತ್ತಿದ್ದಾರೆ ಅಂತ ಸುದ್ದಿ. ನಾನು ದಿನಾ ಒಳಗೆ ಹೋಗಿ ಆ ಕಡತವನ್ನು ಎಲ್ಲಕ್ಕಿಂತ ಮೇಲೆ ಎತ್ತಿಟ್ಟು, ಏನಾಯಿತು ಸರ್ ಅಂತ ಕೇಳುತ್ತೇನೆ. ಕೇಳುವಾಗ ನನ್ನ ದನಿ ಏರುತ್ತದೆ ಅಂತ ಹೊರಗೆ ಕೂತವರು ಹೇಳುತ್ತಾರೆ. ಏರಲಿ.